ಬಿಲ್ಲಿಲ್ಲದ ನಾಲ್ಕು ಗಾಲಿ

ಹಾಲು ತರೋಣ ಅಂತ ಬೆಳಗ್ಗೆ ಆರೂವರೆಗೆ ಕೆಳಗಿಳಿದೆ. ಗೇಟಿನಾಚೆ ನಿಲ್ಲಿಸಿದ್ದ ಕಾರು ಯಾಕೋ ಕುಳ್ಳಗಾದ ಹಾಗೆ ಕಾಣಿಸಿತು. ನಿದ್ದೆಗಣ್ಣು, ಏನೋ ಇರಬೇಕು ಅಂತ ಎರಡು ಹೆಜ್ಜೆ ಮುಂದೆ ಹೋದವನು ಅಲ್ಲೇ ನಿಂತೆ. ನಾಲ್ಕೂ ಗಾಲಿ ಇಲ್ಲ. ಎದುರು ಸೈಟಿನಲ್ಲಿ ಕಟ್ಟುತ್ತಿರುವ ಮನೆಯ ಸಿಮೆಂಟ್ ಬ್ಲಾಕುಗಳನ್ನೇ ಎತ್ತಿಕೊಂಡು ಬಂದು ಎರಡೂ ಬದಿಗೆ ಒಟ್ಟಿ, ಅದರ ಮೇಲೆ ಕಾರನ್ನು ಕೂರಿಸಿ ಹೋಗಿದ್ದಾರೆ. ಬಿಚ್ಚಿದ ನಟ್ಟುಗಳನ್ನು ಮುಂದಿನ ಬಾಗಿಲ ಹತ್ತಿರ ಗುಡ್ಡೆ ಹಾಕಿದ್ದರು. ಎಣಿಸಿದೆ, ಹದಿನಾರಕ್ಕೆ ಹದಿನಾರೂ ಇದ್ದವು. ಎಂಥಾ ಶಿಸ್ತು ನೋಡಿ.

ಒಂಬತ್ತು ಗಂಟೆಯೊಳಗೆ ಕಾರಿನ ಸುತ್ತ ಜಾತ್ರೆ. ಬಂದವರಲ್ಲಿ ಹನ್ನೊಂದು ಜನ ಕೇಳಿದ್ದು ಒಂದೇ ಪ್ರಶ್ನೆ: "ಲಾಕ್ ನಟ್ ಹಾಕಿಸಿರಲಿಲ್ವಾ?" ಸಾವಿನ ಮನೆಗೆ ಬಂದವರು "ಬಿಪಿ ಮಾತ್ರೆ ಸರಿಯಾಗಿ ತಗೋತಿರಲಿಲ್ವಾ?" ಅಂತ ಕೇಳ್ತಾರಲ್ಲ, ಹಾಗೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕೋದು ನಮಗೆಲ್ಲ ಬಹಳ ಇಷ್ಟವಾದ ಕೆಲಸ.

ಈ ಬರಹ ಆ ಹನ್ನೊಂದು ಜನರ ಜೊತೆಗಿನ ಜಗಳ. ಅವರು ಹೇಳಿದ್ದು ಸುಳ್ಳು ಅಂತ ಅಲ್ಲ. ಅಷ್ಟು ಹೇಳಿ ಕೈ ತೊಳೆದುಕೊಂಡರಲ್ಲ, ಅದಕ್ಕೆ. ಆ ಹನ್ನೊಂದು ಜನರಲ್ಲಿ ಹನ್ನೆರಡನೆಯವನಾಗಿ ನಾನೂ ನಿಂತಿದ್ದೆ ಅನ್ನೋದು ನನಗೆ ಗೊತ್ತಾಗಿದ್ದು ಸ್ವಲ್ಪ ತಡವಾಗಿ.

ಮೊದಲು ಲಾಕ್ ನಟ್ಟಿಗೆ ಸಲ್ಲಬೇಕಾದ ಮರ್ಯಾದೆ ಸಲ್ಲಿಸಿಬಿಡ್ತೀನಿ. ನನ್ನದು 2014ರ ಸ್ವಿಫ್ಟು. ಗಾಲಿಗೆ ನಾಲ್ಕು ನಟ್ಟು, ಬಿಚ್ಚೋಕೆ 19ರ ಪಾನ. ಆ ಪಾನ ಕಾರಿನ ಜೊತೆ ಡಿಕ್ಕಿಯಲ್ಲೇ ಬರುತ್ತೆ. ಅಂದರೆ ನನ್ನ ಡಿಕ್ಕಿಯಲ್ಲಿರೋ ಪಾನ ಊರಿನಲ್ಲಿರೋ ಅಷ್ಟೂ ಸ್ವಿಫ್ಟುಗಳ ಗಾಲಿಗೆ ಕೀಲಿಕೈ. ಬಾಗಿಲಿಗೆ ಸೆಂಟ್ರಲ್ ಲಾಕು, ಸ್ಟೇರಿಂಗಿಗೆ ಒಂದು ಲಾಕು, ಎಂಜಿನ್ನಿಗೆ ಚಿಪ್ಪು. ಒಳಗಿರೋದಕ್ಕೆಲ್ಲ ಇಷ್ಟು ಬಂದೋಬಸ್ತು ಮಾಡಿದ ಕಂಪನಿಗಳು, ರಾತ್ರಿಯೆಲ್ಲ ರಸ್ತೆಯಲ್ಲಿ ನಿಲ್ಲೋ ನಾಲ್ಕು ಬೆಲೆಬಾಳೋ ಸಾಮಾನನ್ನು ಎಲ್ಲರ ಕೈಯಲ್ಲೂ ಇರೋ ಒಂದೇ ಪಾನಕ್ಕೆ ಬಿಟ್ಟಿವೆ.

ಲಾಕ್ ನಟ್ಟು ಅಂದರೆ ಈ ನಾಲ್ಕರಲ್ಲಿ ಒಂದನ್ನು ತೆಗೆದು, ಆ ಜಾಗಕ್ಕೆ ಆರು ಮೂಲೆ ಇಲ್ಲದ, ದುಂಡುತಲೆಯ ನಟ್ಟು ಹಾಕೋದು. ಗಾಲಿಗೊಂದು, ಒಟ್ಟು ನಾಲ್ಕು. ತಲೆಯ ಮೇಲೆ ಒಂದು ವಿಚಿತ್ರ ಗೀರಿನ ವಿನ್ಯಾಸ ಇರುತ್ತೆ, ಅದಕ್ಕೆ ಕೂರೋ ಕೀಲಿ ಬೇರೆ ಕೊಡ್ತಾರೆ. ನನಗೆ ಅಂಗಡಿಯವನು ಹೇಳಿದ ರೇಟು ಎರಡು ಸಾವಿರ. ಹಾಕಿಸೋರು ಹಾಕಿಸಿ, ಬೇಡ ಅನ್ನಲ್ಲ. ಆದರೆ ಎರಡು ಮೂರು ಮಾತು ನೆನಪಿರಲಿ. ಮಾರುತಿ ಗಾಡಿಗಳ ಮರೆ 12 ಎಂಎಂಗೆ 1.25, ಹುಂಡೈನದು 1.5. "ಎಲ್ಲಾ ಕೂರುತ್ತೆ ಸಾರ್" ಅಂತ ಬಲವಂತವಾಗಿ ತಿರುಗಿಸಿದರೆ ಬೋಲ್ಟಿನ ಮರೆಯೇ ಹಾಳಾಗುತ್ತೆ. ಕೀಲಿಯ ಜೊತೆ ಬರೋ ಕೋಡ್ ನಂಬರಿನ ಫೋಟೋ ತೆಗೆದಿಟ್ಟುಕೊಳ್ಳಿ. ಪಂಚರ್ ಅಂಗಡಿಯ ಹುಡುಗ ಏರ್ ಗನ್ ಹಿಡಿದು ಬಂದರೆ ಲಾಕ್ ನಟ್ಟಿಗೆ ಅದು ಬೇಡ, ಕೈಯಲ್ಲೇ ಬಿಚ್ಚಪ್ಪಾ ಅನ್ನಿ. ಗನ್ನಿನ ಹೊಡೆತಕ್ಕೆ ಕೀಲಿಯ ಹಲ್ಲು ಮುರಿಯುತ್ತೆ. ಸರ್ವೀಸಿಗೆ ಬಿಟ್ಟ ಕಾರಿನ ಜೊತೆ ಕೀಲಿ ವಾಪಸ್ ಬಂತಾ ಅಂತ ಅಲ್ಲೇ ನೋಡಿ. ಇಲ್ಲದಿದ್ದರೆ ಶಿರಾಡಿ ಘಾಟಿನಲ್ಲಿ ಮಳೆಯಲ್ಲಿ ಪಂಚರ್ ಆದಾಗ, ನಿಮ್ಮ ಗಾಲಿಯನ್ನು ನೀವೇ ಕದಿಯಬೇಕಾಗುತ್ತೆ.

ಇಷ್ಟೆಲ್ಲ ಆದ ಮೇಲೂ ಲಾಕ್ ನಟ್ಟು ಬಿಚ್ಚೋ ಸಾಧನ ಆನ್‌ಲೈನಿನಲ್ಲಿ ಸಿಗುತ್ತೆ. ಕೀಲಿ ಕಳಕೊಂಡವರಿಗೆ ಅಂತಲೇ ಮಾಡಿರೋದು. ಕಳಕೊಂಡವರು ಯಾರು, ಕಳೆಯೋರು ಯಾರು ಅಂತ ಡೆಲಿವರಿ ಹುಡುಗ ಕೇಳಲ್ಲ. ಹಾಗಾಗಿ ಈ ನಟ್ಟು ಕೊಡೋದು ರಕ್ಷಣೆ ಅಲ್ಲ, ಕೆಲವು ನಿಮಿಷ, ಒಂದಿಷ್ಟು ಸದ್ದು. ನಮ್ಮ ಬೀದಿಯ ಕ್ಯಾಮೆರಾದಲ್ಲಿ ಕಂಡ ಪ್ರಕಾರ 3.20ಕ್ಕೆ ಒಂದು ಗೂಡ್ಸ್ ಆಟೋ ಬಂತು. ಮಂಕಿ ಕ್ಯಾಪಿನ ಇಬ್ಬರು ಇಳಿದರು. 3.31ಕ್ಕೆ ಆಟೋ ಹೊರಟಿತು. ಹನ್ನೊಂದು ನಿಮಿಷ. ನಡುವೆ ಬೈಕಿನವನೊಬ್ಬ ನಿಧಾನ ಮಾಡಿ, ನೋಡಿ, ಯಾರೋ ಪಂಚರ್ ಹಾಕಿಸ್ತಿದ್ದಾರೆ ಅಂದುಕೊಂಡು ಹೋದ. ನನ್ನ ಗಾಲಿಗೆ ಲಾಕ್ ನಟ್ಟು ಇದ್ದಿದ್ದರೆ ಏನಾಗ್ತಿತ್ತು ಅನ್ನೋದು ಸ್ಪಷ್ಟ. ಅವರು ಟಾರ್ಚು ಹಾಕಿ ನೋಡಿ, ಹಿಂದೆ ನಿಂತಿದ್ದ ಕಾರಿನ ಹತ್ತಿರ ಹೋಗ್ತಿದ್ದರು. ಅದು ಮೂರನೇ ಮಹಡಿಯ ಟೀಚರಮ್ಮನ ಐ20. ಅದಕ್ಕೂ ಅಲಾಯ್ ವ್ಹೀಲೇ.

ಅಂದರೆ ನಾನು ಎರಡು ಸಾವಿರ ಖರ್ಚು ಮಾಡಿ ಕೊಳ್ಳೋದು ಟೀಚರಮ್ಮನ ಗಾಲಿಗೆ ದಾರಿ. ಅವರೂ ಹಾಕಿಸಿದರೆ ಪಕ್ಕದ ಬೀದಿಗೆ. ಗೋಡೆಗೆ ಅಂಟಿಸಿ ನಿಲ್ಲಿಸಿ, ಬೆಳಕಿರೋ ಕಂಬದ ಕೆಳಗೆ ನಿಲ್ಲಿಸಿ, ಓರೆ ಮಾಡಿದರೆ ಕಿರುಚೋ ಅಲಾರಂ ಹಾಕಿಸಿ ಅನ್ನೋ ಎಲ್ಲಾ ಸಲಹೆಗಳ ಹಣೆಬರಹ ಇದೇ. ಬೀದಿಗೆ ಒಂದು ಕಂಬ ಇದ್ದರೆ ಅದರ ಕೆಳಗೆ ನಿಲ್ಲೋದು ಒಂದೇ ಕಾರು. ನಿಮ್ಮ ಮನೆ ಇಲಿಯನ್ನು ಬೋನಿನಲ್ಲಿ ಹಿಡಿದು ಪಕ್ಕದ ಮನೆ ಹಿತ್ತಲಲ್ಲಿ ಬಿಟ್ಟು ಬಂದ ಹಾಗೆ.

ಅದು ಹಾಗಿರಲಿ. ಆ ಭಾನುವಾರ ಅಸೋಸಿಯೇಷನ್ ಮೀಟಿಂಗು. ವಿಷಯ ನನ್ನ ಗಾಲಿ. ಹತ್ತು ನಿಮಿಷದಲ್ಲಿ ಅಪರಾಧಿ ಸಿಕ್ಕಿಬಿಟ್ಟ: ವಾಚ್‌ಮನ್. ಸಿಂಧನೂರು ಕಡೆಯವರು, ಐವತ್ತೈದರ ಮೇಲಿನ ವಯಸ್ಸು. ನಾನು ಅವರನ್ನ ಯಜಮಾನ್ರೇ ಅಂತಲೇ ಕರೆಯೋದು. ರಾತ್ರಿ ಎಂಟಕ್ಕೆ ಬಂದರೆ ಬೆಳಗ್ಗೆ ಎಂಟರವರೆಗೆ. ನಡುವೆ ಸಂಪಿನ ಮೋಟರು ಹಾಕಬೇಕು, ನೀರಿನ ಟ್ಯಾಂಕರ್ ಬಂದರೆ ಪೈಪು ಹಿಡಿಯಬೇಕು, ನಾಲ್ಕೂವರೆಗೆ ಕಸದ ಡಬ್ಬ ಹೊರಗಿಡಬೇಕು. ನನ್ನ ಕಾರು ನಿಂತಿದ್ದು ಗೇಟಿನ ಆಚೆ, ರಸ್ತೆಯಲ್ಲಿ. ಒಳಗಿನ ಪಾರ್ಕಿಂಗ್ ಜಾಗ ನಮ್ಮ ಮನೆ ಓನರ್ ಬೇರೆಯವರಿಗೆ ಬಾಡಿಗೆಗೆ ಕೊಟ್ಟಿದ್ದಾರೆ. ರಸ್ತೆ ಕಾಯೋದು ಅವರ ಕೆಲಸ ಅಂತ ಯಾವ ಕಾಗದದಲ್ಲೂ ಇಲ್ಲ.

"ನಾ ಮೂರಕ್ಕ ಒಂದ್ ಸುತ್ತ ಹಾಕೀನ್ರಿ ಸರ, ಆವಾಗ ಗಾಲಿ ಇದ್ದುವ್ರಿ. ಆಮ್ಯಾಗ ಮ್ಯಾಲಿನ ಟ್ಯಾಂಕ್ ನೋಡಾಕ ಹೋಗಿದ್ನಿರಿ" ಅಂದರು. ಯಾರೋ ಹಿಂದಿನಿಂದ "ಇವರೆಲ್ಲ ಒಳಗೊಳಗೇ ಮಾಹಿತಿ ಕೊಡ್ತಾರೆ" ಅಂದರು. ಯಜಮಾನರಿಗೆ ಕೇಳಿಸಿತು. ಏಜೆನ್ಸಿಗೆ ಕೊಡೋ ಬಿಲ್ಲಿನಲ್ಲಿ ತಿಂಗಳಿಗೆ ಎರಡು ಸಾವಿರದ ಹಾಗೆ ಆರು ತಿಂಗಳು ಹಿಡಿಯೋದು ಅಂತ ತೀರ್ಮಾನ. ಏಜೆನ್ಸಿಯವರು ಅದನ್ನ ಯಾರ ಸಂಬಳದಲ್ಲಿ ಕಳೀತಾರೆ ಅಂತ ಅಲ್ಲಿ ಕೂತಿದ್ದ ಎಲ್ಲರಿಗೂ ಗೊತ್ತಿತ್ತು. ಅಧ್ಯಕ್ಷರು ನನ್ನ ಕಡೆ ತಿರುಗಿ "ನಿಮಗೂ ಸ್ವಲ್ಪ ಸಮಾಧಾನ ಆಗಬೇಕಲ್ಲ" ಅಂದರು. ನಾನು ಸುಮ್ಮನಿದ್ದೆ. ಬೇಡ ಅನ್ನಬಹುದಿತ್ತು, ಅನ್ನಲಿಲ್ಲ. ಯಾಕೆ ಅನ್ನಲಿಲ್ಲ ಅನ್ನೋದಕ್ಕೆ ಮೂರು ವರ್ಷ ಹಿಂದಕ್ಕೆ ಹೋಗಬೇಕು. ಅದಕ್ಕಿಂತ ಮುಂಚೆ ಸ್ಟೇಷನ್ನಿನ ಕತೆ.

ಸ್ಟೇಷನ್ನಿನಲ್ಲಿ ನನ್ನ ಅರ್ಜಿ ಓದಿದವರು "ಗಾಲಿಗೆಲ್ಲ ಎಫ್‌ಐಆರ್ ಯಾಕೆ ಸಾರ್, ಕಳೆದುಹೋಗಿದೆ ಅಂತ ಆನ್‌ಲೈನಿನಲ್ಲಿ ಹಾಕಿಬಿಡಿ, ಅಕ್ನಾಲೆಜ್‌ಮೆಂಟ್ ಬರುತ್ತೆ" ಅಂದರು. ಕಳೆದುಹೋಗೋಕೆ ಅವೇನು ಜೇಬಿನಲ್ಲಿದ್ದ ಚಿಲ್ಲರೆಯೇ? ನಾಲ್ಕೂ ಗಾಲಿ ಒಂದೇ ರಾತ್ರಿ ಬಿದ್ದುಹೋಗಿ, ಹೋಗುವಾಗ ಕಾರನ್ನು ಬ್ಲಾಕಿನ ಮೇಲೆ ಕೂರಿಸಿ ಹೋದವೇ? ಸಂಜ್ಞೇಯ ಅಪರಾಧದ ಮಾಹಿತಿ ಕೊಟ್ಟರೆ ಎಫ್‌ಐಆರ್ ಹಾಕಲೇಬೇಕು ಅಂತ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಲಲಿತಾ ಕುಮಾರಿ ಪ್ರಕರಣದಲ್ಲಿ 2013ರಲ್ಲೇ ಹೇಳಿದೆ. ಇದನ್ನ ಓದಿಕೊಂಡೇ ಹೋಗಿದ್ದೆ. ಬಾಯಿಪಾಠ ಒಪ್ಪಿಸೋಕೆ ಸಿದ್ಧನಾಗಿದ್ದೆ. ಅಷ್ಟರಲ್ಲಿ ಆ ಪೊಲೀಸರು ಬಹಳ ಸಹಜವಾಗಿ ಒಂದು ಪ್ರಶ್ನೆ ಕೇಳಿದರು.

"ಗಾಲಿ ಬಿಲ್ ಇದೆಯಾ ಸಾರ್?"

ನನ್ನ ಕಾರು ವಿಎಕ್ಸ್‌ಐ. ಆ ಮಾಡೆಲ್ಲಿಗೆ ಕಂಪನಿಯಿಂದ ಬರೋದು ಹದಿನಾಲ್ಕು ಇಂಚಿನ ಕಬ್ಬಿಣದ ಗಾಲಿ, ಮೇಲೆ ಪ್ಲಾಸ್ಟಿಕ್ ಕ್ಯಾಪು. ಹದಿನೈದು ಇಂಚಿನ ಅಲಾಯ್ ಬರೋದು ಜಡ್‌ಎಕ್ಸ್‌ಐಗೆ. ಎರಡಕ್ಕೂ ತೂತು ನಾಲ್ಕೇ, ತೂತುಗಳ ಸುತ್ತಳತೆಯ ವ್ಯಾಸವೂ ಒಂದೇ, ನೂರು ಮಿಲಿಮೀಟರು. ಹಾಗಾಗಿ ಅದು ಇದಕ್ಕೆ ಲಕ್ಷಣವಾಗಿ ಕೂರುತ್ತೆ. ಆಫೀಸಿನ ಬೇಸ್‌ಮೆಂಟಿನಲ್ಲಿ ಎಲ್ಲರ ಕಾರಿಗೂ ಮಿರಮಿರ ಮಿಂಚೋ ಗಾಲಿ, ನನ್ನದಕ್ಕೆ ಒಡೆದ ಕ್ಯಾಪು. ಆಡಿಕೊಂಡವರು ಯಾರೂ ಇಲ್ಲ. ನನಗೇ ಒಳಗೊಳಗೆ ಚುಚ್ಚುತ್ತಿತ್ತು. ಹೊಸಾ ಸೆಟ್ಟು, ಟೈರು ಸೇರಿ ಐವತ್ತು ಸಾವಿರದ ಹತ್ತಿರ ಹೇಳಿದರು. "ಹಳೇದು ನೋಡು ಗುರೂ, ಕಂಪನಿ ಅಲಾಯ್ ಸಿಗುತ್ತೆ" ಅಂತ ಒಬ್ಬ ಗೆಳೆಯ ಒಂದು ಓಣಿಗೆ ಕರೆದುಕೊಂಡು ಹೋದ.

ಆ ಓಣಿ ಯಾವುದು ಅಂತ ಹೇಳಲ್ಲ, ನಿಮ್ಮ ಊರಿನಲ್ಲೂ ಒಂದು ಇದೆ. ಗೋಡೆಗೆ ಗಾಲಿ, ಮೇಲಿನಿಂದ ಇಳಿಬಿದ್ದ ಗಾಲಿ, ನೆಲದಲ್ಲಿ ಗಾಲಿ. ಅಂಗಡಿಯವರು ಕೇಳಿದ್ದು ಎರಡೇ ಪ್ರಶ್ನೆ: "ಯಾವ ಗಾಡಿ ಸಾರ್?" ಮತ್ತು "ಬಿಲ್ ಬೇಕಾ?" ಬಿಲ್ ಬೇಕು ಅಂದರೆ ಒಂದು ರೇಟು, ಬೇಡ ಅಂದರೆ ಒಂದು ರೇಟು. ಮತ್ತೆ ಬಿಲ್ ಇರೋ ಮಾಲು ಬೇರೆ ಸಾಲಿನಲ್ಲಿ ಇರುತ್ತೆ. ನನಗೆ ಹಿಡಿಸಿದ ಸೆಟ್ಟಿಗೆ ಬಿಲ್ ಇರಲಿಲ್ಲ. ಟೈರು ಸಮೇತ ಹದಿನೆಂಟು ಸಾವಿರ. ಟೈರಿನ ಮೇಲೆ ಹೊಸ ಟೈರಿಗೆ ಇರುತ್ತಲ್ಲ, ಆ ಕೂದಲಿನಂಥ ರಬ್ಬರ್ ಎಳೆಗಳು ಇನ್ನೂ ಉಳಿದಿದ್ದವು. ಒಂದು ಗಾಲಿಯ ಒಳಮೈಯಲ್ಲಿ ಒಣಗಿದ ಕೆಂಪು ಮಣ್ಣು. ಹೊಸ ಟೈರು ಹಾಕಿಸಿ, ಕೆಂಪು ಮಣ್ಣಿನ ರಸ್ತೆಯಲ್ಲಿ ಒಂದಿಷ್ಟು ದೂರ ಓಡಾಡಿ, ಆಮೇಲೆ ನಾಲ್ಕನ್ನೂ ಹದಿನೆಂಟು ಸಾವಿರಕ್ಕೆ ಮಾರೋ ಪುಣ್ಯಾತ್ಮ ಯಾರಿರಬಹುದು? ಆ ಪ್ರಶ್ನೆ ನನ್ನ ತಲೆಗೆ ಬಂತು. ಬಂದಿದ್ದನ್ನ ನಾನೇ ಹೊರಗೆ ಕಳಿಸಿದೆ. ಮನೆಗೆ ಬಂದು ಪೈಪು ಹಾಕಿ ಆ ಕೆಂಪು ಮಣ್ಣು ತೊಳೆದವನೂ ನಾನೇ.

ಅದಕ್ಕೇ ಮೀಟಿಂಗಿನಲ್ಲಿ ಸುಮ್ಮನಿದ್ದೆ. ಬಾಯಿ ಬಿಟ್ಟರೆ ಮುಂದಿನ ಪ್ರಶ್ನೆ ಬಿಲ್ಲಿನದೇ ಆಗಿರುತ್ತಿತ್ತು.

ನಾಚಿಕೆ ಜಾಸ್ತಿ ಆಗೋದಕ್ಕೆ ಇನ್ನೊಂದು ಕಾರಣ ಇದೆ. ಊರಲ್ಲಿ ನಮ್ಮ ತೋಟದ ಬೋರ್‌ವೆಲ್ಲಿನ ಕೇಬಲ್ಲು ಎರಡು ಸಲ ಕಳುವಾಗಿದೆ. ಮೋಟರಿನಿಂದ ಸ್ಟಾರ್ಟರ್‌ವರೆಗಿನ ವೈರು ಕತ್ತರಿಸಿಕೊಂಡು ಹೋಗ್ತಾರೆ, ಮೇಲಿನ ಪ್ಲಾಸ್ಟಿಕ್ ಸುಟ್ಟು ಒಳಗಿನ ತಾಮ್ರ ತೂಕಕ್ಕೆ ಮಾರ್ತಾರೆ. ಕೇಬಲ್ ಕಳಕೊಂಡ ರೈತನಿಗೆ ಆಗೋ ನಷ್ಟ ಬರೀ ವೈರಿನದಲ್ಲ, ಹೊಸದು ತಂದು ಹಾಕೋತನಕ ನೀರಿಲ್ಲದೆ ಒಣಗೋ ಬೆಳೆಯದ್ದೂ ಹೌದು. ಎರಡನೇ ಸಲ ಆದಾಗ ನಮ್ಮಪ್ಪ ಕಳ್ಳನನ್ನ ಬೈಯಲಿಲ್ಲ. ಸೀದಾ ಹೋಬಳಿಯ ಗುಜರಿ ಅಂಗಡಿಗೆ ಹೋಗಿ ನಿಂತರು. "ಸುಟ್ಟ ತಾಮ್ರ ತಂದೋನು ಹೊಲ ಇಲ್ಲದ ಹುಡ್ಗ ಅಂತ ನಿಂಗೆ ಗೊತ್ತಿಲ್ವೇನಯ್ಯಾ? ತೂಕ ಹಾಕುವಾಗ ನಿನ್ ಕೈ ನಡುಗಲಿಲ್ವಾ?" ಅಂತ ಸಂತೆಯ ದಿನ ಎಲ್ಲರ ಎದುರು ಕೇಳಿದರು. ಗುಜರಿಯವನು "ನಾ ಎಲ್ಲಾರ್ನೂ ಕೇಳ್ಕೊಂಡ್ ಕೂತ್ರೆ ವ್ಯಾಪಾರ ಆಗುತ್ತಾ ಗೌಡ್ರೇ" ಅಂದ. ಆಗ ನಾನು ಕಾಲೇಜು ಹುಡುಗ, ಅಪ್ಪನ ಪಕ್ಕದಲ್ಲೇ ನಿಂತು ಗುಜರಿಯವನನ್ನ ದುರುಗುಟ್ಟಿ ನೋಡಿದ್ದೆ. ಹದಿನೈದು ವರ್ಷದ ಮೇಲೆ ನಾನು ಅವನದೇ ಮಾತನ್ನು ಮನಸ್ಸಿನಲ್ಲಿ ಹೇಳಿಕೊಂಡು ಹದಿನೆಂಟು ಸಾವಿರ ಎಣಿಸಿ ಕೊಟ್ಟೆ.

ಕಾನೂನು ಈ ವಿಷಯದಲ್ಲಿ ನಮ್ಮಪ್ಪನ ಪಕ್ಷ. ಮೊದಲು ಐಪಿಸಿ 411, ಈಗ 2024ರ ಜುಲೈನಿಂದ ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್. ಕದ್ದ ಮಾಲು ಅಂತ ಗೊತ್ತಿದ್ದೂ, ಅಥವಾ ಹಾಗಂತ ನಂಬೋಕೆ ಕಾರಣವಿದ್ದೂ, ಅಪ್ರಾಮಾಣಿಕವಾಗಿ ತಗೊಂಡರೆ ಮೂರು ವರ್ಷದವರೆಗೆ ಜೈಲು. ಅದನ್ನೇ ದಂಧೆ ಮಾಡಿಕೊಂಡವನಿಗೆ ಜೀವಾವಧಿಯವರೆಗೂ ಹೋಗಬಹುದು. "ನಂಬೋಕೆ ಕಾರಣವಿದ್ದೂ" ಅನ್ನೋ ಪದಗಳನ್ನ ಗಮನಿಸಿ. ಟೈರಿನ ರಬ್ಬರ್ ಎಳೆ, ಒಳಮೈಯ ಕೆಂಪು ಮಣ್ಣು, ಎರಡು ರೇಟು. ಇದಕ್ಕಿಂತ ಇನ್ನೇನು ಕಾರಣ ಬೇಕು?

ಹಾಗಂತ ಹಳೇ ಗಾಲಿ ವ್ಯಾಪಾರವೆಲ್ಲ ಕಳ್ಳ ವ್ಯಾಪಾರ ಅಂತ ನಾನು ಹೇಳ್ತಿಲ್ಲ. ಹೊಸಾ ಕಾರು ತಗೊಂಡ ವಾರಕ್ಕೇ ಕಂಪನಿ ಗಾಲಿ ತೆಗೆಸಿ ಇನ್ನೂ ದೊಡ್ಡದು ಹಾಕಿಸೋ ಹುಡುಗರಿದ್ದಾರೆ. ಅವರ ಹಳೇ ಸೆಟ್ಟು ಇದೇ ಓಣಿಗೆ ಬರುತ್ತೆ. ಅಪಘಾತದಲ್ಲಿ ಗುಜರಿಗೆ ಹೋದ ಗಾಡಿಯ ಒಳ್ಳೇ ಗಾಲಿ ಬರುತ್ತೆ. ಬಾಗಿದ ರಿಮ್ಮು ನೇರ ಮಾಡಿ, ಬಣ್ಣ ಹೊಡೆದು ಹೊಟ್ಟೆ ಹೊರೆಯೋ ನೂರಾರು ಜನ ಅಲ್ಲಿದ್ದಾರೆ. ಅಂಥವರ ಅನ್ನಕ್ಕೆ ಮಣ್ಣು ಹಾಕಬೇಕು ಅನ್ನೋದು ನನ್ನ ಮಾತಲ್ಲ. ಆದರೆ ಒಳ್ಳೇ ಮಾಲು ಮತ್ತು ಕದ್ದ ಮಾಲು ಒಂದೇ ಗೋಡೆಗೆ ನೇತಾಡುವಾಗ, ಎರಡನ್ನೂ ಬೇರೆ ಮಾಡೋದು ಒಂದು ಚೀಟಿ ಮಾತ್ರ. ಆ ಚೀಟಿ ಬೇಡ ಅಂದವರು ನಾವು. ಬೇಡ ಅಂದಿದ್ದಕ್ಕೆ ಡಿಸ್ಕೌಂಟ್ ತಗೊಂಡವರೂ ನಾವು.

ಈಗ ಒಂದು ಕೆಲಸ ಮಾಡಿ. ನಿಮ್ಮ ಅಲಾಯ್ ಗಾಲಿಯನ್ನು ಬಿಚ್ಚಿಸಿದಾಗ ಹಿಂಭಾಗ ನೋಡಿ. ಅಗಲ ಎಷ್ಟು, ವ್ಯಾಸ ಎಷ್ಟು, ಎರಕ ಹೊಯ್ದಿದ್ದು ಯಾವಾಗ, ಮಾಡಿದವರು ಯಾರು, ಎಲ್ಲಾ ಅಚ್ಚಾಗಿರುತ್ತೆ. ಯಾರದ್ದು ಅನ್ನೋದೊಂದು ಬಿಟ್ಟು. ಕಾರಿಗೆ ಹದಿನೇಳು ಅಕ್ಷರ-ಅಂಕಿಗಳ ಛಾಸಿ ನಂಬರ್ ಇದೆ, ಎಂಜಿನ್ನಿಗೆ ನಂಬರ್ ಇದೆ. ಗಾಲಿ ಮಾತ್ರ ಅನಾಥ. ಅಮೆರಿಕದವರು 1984ರಲ್ಲೇ ಕಾನೂನು ಮಾಡಿ, ಹೆಚ್ಚು ಕಳುವಾಗೋ ಮಾದರಿಗಳ ಎಂಜಿನ್, ಗೇರ್‌ಬಾಕ್ಸ್, ಬಾಗಿಲು, ಬಾನೆಟ್, ಬಂಪರ್‌ಗಳ ಮೇಲೆಲ್ಲ ಗಾಡಿಯ ಗುರುತಿನ ನಂಬರ್ ಇರಬೇಕು ಅಂದರು. ಆ ಪಟ್ಟಿಯಲ್ಲೂ ಗಾಲಿ ಇಲ್ಲ. ಗಾಲಿಯ ಮೇಲೆ ಯಾರಿಗೂ ಕರುಣೆ ಇಲ್ಲ.

ನಂಬರ್ ಹಾಕಿದರೆ ಏನು ಮಹಾ ಆಗುತ್ತೆ ಅನ್ನೋರಿಗೆ ನಿಮ್ಮ ಜೇಬಿನಲ್ಲಿರೋ ಫೋನೇ ಉತ್ತರ. ಹತ್ತು ಸಾವಿರದ ಫೋನಿಗೂ ಹದಿನೈದು ಅಂಕಿಯ ಐಎಂಇಐ ಇದೆ. 2023ರ ಮೇ ತಿಂಗಳಲ್ಲಿ ಸಂಚಾರ್ ಸಾಥಿ ಅನ್ನೋ ಪೋರ್ಟಲ್ ದೇಶಕ್ಕೆಲ್ಲ ತೆರೆದ ಮೇಲೆ, ಕಳುವಾದ ಫೋನಿನ ಆ ನಂಬರನ್ನು ಅಲ್ಲಿ ಬ್ಲಾಕ್ ಮಾಡಿಸಬಹುದು, ಹಳೇ ಫೋನು ಕೊಳ್ಳೋ ಮುಂಚೆ ನಂಬರ್ ಹಾಕಿ ಪರೀಕ್ಷಿಸಬಹುದು. ನಾನೇ ಹೋದ ವರ್ಷ ಅಮ್ಮನಿಗೆ ಹಳೇ ಫೋನು ತಗೊಳ್ಳುವಾಗ ಮೂರು ಸಲ ಪರೀಕ್ಷೆ ಮಾಡಿದೆ. ಫೋನಿನ ವಿಷಯದಲ್ಲಿ ಅಷ್ಟು ಪ್ರಾಮಾಣಿಕನಾದವನು ಗಾಲಿಯ ವಿಷಯದಲ್ಲಿ ಯಾಕಾಗಲಿಲ್ಲ? ಪ್ರಾಮಾಣಿಕತೆ ನನ್ನದಾಗಿರಲಿಲ್ಲ, ಆ ಹದಿನೈದು ಅಂಕಿಯದಾಗಿತ್ತು. ಸಿಕ್ಕಿಬೀಳೋ ಭಯ ಇತ್ತು.

ನಂಬರ್ ಪ್ಲೇಟಿನ ವಿಷಯವನ್ನೇ ನೋಡಿ. 2019ರ ಏಪ್ರಿಲ್‌ನಿಂದ ಹೊಸ ಗಾಡಿಗಳಿಗೆಲ್ಲ ಲೇಸರ್ ಕೋಡಿನ ಎಚ್‌ಎಸ್‌ಆರ್‌ಪಿ ಪ್ಲೇಟು ಕಡ್ಡಾಯ. ಬಿಚ್ಚೋಕೆ ಬರದ ಲಾಕು ಬೇರೆ. ಹಳೇ ಗಾಡಿಗಳಿಗೂ ಹಾಕಿಸಿ ಅಂತ ನಮ್ಮ ರಾಜ್ಯದಲ್ಲಿ ಗಡುವಿನ ಮೇಲೆ ಗಡುವು ಕೊಟ್ಟಿದ್ದು ನೆನಪಿರಬಹುದು. ಒಂದು ತಗಡಿಗೆ ಇಷ್ಟು ಮಾಡೋಕೆ ಬಂತು. ಎರಕ ಹೊಯ್ಯುವಾಗ ಇಷ್ಟೆಲ್ಲ ಅಚ್ಚು ಹಾಕೋ ಕಂಪನಿ, ಕಾರು ಜೋಡಿಸುವಾಗ ಗಾಲಿಯ ಒಳಮೈಗೆ ಛಾಸಿ ನಂಬರಿನ ಕೊನೆಯ ಆರು ಅಂಕಿ ಕೊರೆಯೋದಕ್ಕೆ ಎಷ್ಟು ಖರ್ಚಾದೀತು? ಗಾಲಿ ಕಳುವಾದರೆ ಕಂಪನಿಗೆ ಹೊಸ ಗಾಲಿ ಮಾರಾಟ ಆಗುತ್ತೆ. ಆ ಆರು ಅಂಕಿ ಕೊರೆಯೋಕೆ ಆತುರ ಅವರಿಗೆ ಯಾಕಿರಬೇಕು ಹೇಳಿ.

ಕಂಪನಿ ಮಾಡೋತನಕ ನಾವೇ ಮಾಡಬಹುದು. ಕೆತ್ತೋ ಸಣ್ಣ ಪೆನ್ನಿನಂಥ ಯಂತ್ರ ಸಿಗುತ್ತೆ, ಪಾತ್ರೆ ಅಂಗಡಿಯಲ್ಲಿ ಸ್ಟೀಲ್ ಲೋಟಕ್ಕೆ ಹೆಸರು ಹಾಕ್ತಾರಲ್ಲ, ಅಂಥದ್ದೇ. ಗಾಲಿಯ ಒಳಮೈಯಲ್ಲಿ, ನಟ್ಟು ಕೂರೋ ಜಾಗ ಮತ್ತು ಟೈರು ಕೂರೋ ಅಂಚು ಬಿಟ್ಟು, ಮೇಲ್ಮೇಲೆ ನಂಬರ್ ಕೆತ್ತಿ. ಫೋಟೋ ತೆಗೆದಿಡಿ. ನಮ್ಮ ಮನೆಗಳಲ್ಲಿ ಮದುವೆಗೆ ಕೊಟ್ಟ ಲೋಟಕ್ಕೂ ಹೆಸರು ಹಾಕಿಸ್ತೀವಿ, ಐವತ್ತು ಸಾವಿರದ ಗಾಲಿಗೆ ಹಾಕಿಸಲ್ಲ. ಲಾಕ್ ನಟ್ಟಿಗೂ ಇದಕ್ಕೂ ಇರೋ ವ್ಯತ್ಯಾಸ ಏನೆಂದರೆ, ನಟ್ಟು ನಿಮ್ಮ ಗಾಲಿಯನ್ನಷ್ಟೇ ಕಾಯುತ್ತೆ. ಕೆತ್ತಿದ ನಂಬರ್ ಓಣಿಯ ಅಂಗಡಿಯವನ ತಲೆನೋವಾಗುತ್ತೆ. ಹತ್ತು ಗಾಲಿಯಲ್ಲಿ ಐದರ ಮೇಲೆ ನಂಬರ್ ಕಾಣಿಸೋಕೆ ಶುರುವಾದರೆ ಅವನು ಬೆಳಗಿನ ಜಾವ ಬಂದ ಗೂಡ್ಸ್ ಆಟೋದವನಿಗೆ "ಬೇಡಪ್ಪಾ" ಅಂತಾನೆ. ಉಜ್ಜಿ ಅಳಿಸಿದ್ದರೆ, ಅಳಿಸಿದ ಗುರುತೇ 317ರ "ಕಾರಣ".

ಇನ್ಶೂರೆನ್ಸ್ ಬಗ್ಗೆಯೂ ಎರಡು ಮಾತು, ಯಾಕೆಂದರೆ "ಹೆಂಗಿದ್ರೂ ಇನ್ಶೂರೆನ್ಸ್ ಇದೆಯಲ್ಲ" ಅನ್ನೋ ಧೈರ್ಯ ಬಹಳ ಜನಕ್ಕಿದೆ. ಬಿಲ್ಲು, ಎಫ್‌ಐಆರ್ ಎಲ್ಲಾ ಇಟ್ಟುಕೊಂಡು ಹೋದವನಿಗೂ, ಸಾಮಾನ್ಯ ಪಾಲಿಸಿಯಲ್ಲಿ ಟೈರಿಗೆ ಅರ್ಧ ಬೆಲೆ ಸವಕಳಿ ಕಳೀತಾರೆ. ಐದರಿಂದ ಹತ್ತು ವರ್ಷದ ಕಾರಾದರೆ ಲೋಹದ ಭಾಗಕ್ಕೆ ಶೇಕಡ 40. ಸಣ್ಣ ಕಾರಿಗೆ ಮೇಲೆ ಒಂದು ಸಾವಿರ ನಮ್ಮ ಕೈಯಿಂದ. ಐದು ವರ್ಷ ಕ್ಲೇಮು ಮಾಡದೆ ಗಳಿಸಿದ ಶೇಕಡ 50ರ ನೋ ಕ್ಲೇಮ್ ಬೋನಸ್ಸೂ ಹೋಗುತ್ತೆ. ಹೊರಗಿನಿಂದ ಹಾಕಿಸಿದ ಅಲಾಯ್ ಆದರೆ ಅದರ ಬೆಲೆಯನ್ನು ಪಾಲಿಸಿಯಲ್ಲಿ ಮೊದಲೇ ಬರೆಸಿರಬೇಕು. ಬರೆಸಿರಲಿಲ್ಲ ಅಂದರೆ ನಿಮ್ಮ ಕಾರಿನಲ್ಲಿ ಅದು ಇರಲೇ ಇಲ್ಲ ಅಂತ ಲೆಕ್ಕ. ಇದು ಬಿಲ್ ಇದ್ದವರ ಕಷ್ಟ. ನಾನು ಕ್ಲೇಮಿಗೆ ಫೋನ್ ಕೂಡ ಮಾಡಲಿಲ್ಲ.

ಕಳುವಾದ ನಾಲ್ಕನೇ ದಿನ ಆ ಓಣಿಯ ಅಂಗಡಿಯವರಿಗೆ ಫೋನ್ ಮಾಡಿದೆ. ಹಳೇ ಗಿರಾಕಿ ಅಂತ ನೆನಪಿಟ್ಟುಕೊಂಡಿದ್ದರು. "ಬನ್ನಿ ಸಾರ್, ನಿಮ್ಮ ಸೈಜಿಂದೇ ಒಂದು ಸೆಟ್ಟು ಈ ವಾರ ಬಂದಿದೆ" ಅಂದರು. ಹೋದೆ. ಅದು ನನ್ನದಲ್ಲ. ನನ್ನ ಒಂದು ಗಾಲಿಗೆ ಫುಟ್‌ಪಾತ್ ಉಜ್ಜಿ ಆದ ಗಾಯ ಇತ್ತು, ಇವಕ್ಕೆ ಇರಲಿಲ್ಲ. ಬೇರೆ ಯಾರದೋ. ಅವರ ಕಾರೂ ಎಲ್ಲೋ ಬ್ಲಾಕಿನ ಮೇಲೆ ಕೂತಿರಬಹುದು, ಅವರ ಸುತ್ತಲೂ ಜನ ನಿಂತು ಲಾಕ್ ನಟ್ಟಿನ ಬಗ್ಗೆ ಕೇಳುತ್ತಿರಬಹುದು. "ಇದಕ್ಕೆ ಬಿಲ್ ಇದೆಯಾ?" ಅಂದೆ. ಅಂಗಡಿಯವರು ನನ್ನ ಮುಖ ನೋಡಿದರು. "ಹೋದ ಸಲ ನೀವೇ ಬೇಡ ಅಂದಿದ್ರಲ್ಲ ಸಾರ್" ಅಂದರು. ಬಿಲ್ ಇಲ್ಲದ್ದು ಬೇಡ ಅಂತ ಬಂದೆ. ಎರಡು ನಿಮಿಷ ಬಹಳ ದೊಡ್ಡ ಮನುಷ್ಯ ಅನ್ನಿಸಿತು. ಮೂರನೇ ನಿಮಿಷಕ್ಕೆ ಯಜಮಾನರ ನೆನಪಾಯಿತು.

ಮುಂದಿನ ಮೀಟಿಂಗಿನ ತನಕ ಕಾಯಬಾರದಿತ್ತು, ಕಾಯ್ದೆ. ಒಂದು ತಿಂಗಳು. ಆ ಮೀಟಿಂಗಿನಲ್ಲಿ ಎದ್ದು ನಿಂತು ಹೇಳಿದೆ: ಆ ಗಾಲಿಗಳನ್ನು ನಾನು ಬಿಲ್ಲಿಲ್ಲದೆ ಕೊಂಡಿದ್ದೆ, ಕದ್ದಿದ್ದು ಅಂತ ಅನುಮಾನ ಬಂದಿತ್ತು, ಆದರೂ ಕೊಂಡೆ, ಅದಕ್ಕಾಗಿ ವಾಚ್‌ಮನ್ ಸಂಬಳ ಕಳೆಯೋದು ಅನ್ಯಾಯ. ಜನ ಛೀ ಅನ್ನಬಹುದು ಅಂದುಕೊಂಡಿದ್ದೆ. ಒಬ್ಬರು ನಕ್ಕರು. "ಅಯ್ಯೋ ಅದಕ್ಯಾಕೆ ಇಷ್ಟು ಸೀರಿಯಸ್ಸು, ಎಲ್ಲರೂ ಅಲ್ಲೇ ತಗೊಳ್ಳೋದು. ನನ್ನ ಕಾರಿನ ಸ್ಟೀರಿಯೋನೂ ಅಲ್ಲಿಂದೇ" ಅಂದರು. ಇನ್ನೂ ಇಬ್ಬರು ತಲೆಯಾಡಿಸಿದರು. ಇವರೇ ಮೊದಲ ದಿನ ಕಾರಿನ ಸುತ್ತ ನಿಂತು ಕಾಲ ಕೆಟ್ಟುಹೋಯ್ತು ಅಂದವರು. ಸಂಬಳ ಹಿಡಿಯೋ ತೀರ್ಮಾನ ಕೈಬಿಟ್ಟರು, ಅದು ನಿಜ. ಆದರೆ ಅಷ್ಟರಲ್ಲಿ ಏಜೆನ್ಸಿಯವರು ಯಜಮಾನರನ್ನು ವೈಟ್‌ಫೀಲ್ಡಿನ ಆಚೆ ಯಾವುದೋ ಕಟ್ಟಡದ ಸೈಟಿಗೆ ಹಾಕಿದ್ದರು. ಮೊದಲ ತಿಂಗಳ ಎರಡು ಸಾವಿರ ಕಳೆದೂ ಆಗಿತ್ತು.

ಈಗ ನನ್ನ ಕಾರಿಗೆ ಕಬ್ಬಿಣದ ಗಾಲಿ. ಟೆರೇಸಿನ ಮೇಲೆ ಗೋಣಿಚೀಲದಲ್ಲಿ ಕಟ್ಟಿಟ್ಟಿದ್ದ ಹಳೇ ನಾಲ್ಕನ್ನೇ ಉಜ್ಜಿ, ಕಪ್ಪು ಬಣ್ಣ ಹೊಡೆದು, ಹೊಸ ಟೈರು ಹಾಕಿಸಿದೆ. ಕ್ಯಾಪು ಹಾಕಿಸಲಿಲ್ಲ. ನೋಡೋಕೆ ಟ್ರಾಕ್ಟರ್ ಟ್ರೈಲರಿನ ಗಾಲಿ ಹಾಗಿದೆ. ಇವನ್ನೂ ಅದೇ 19ರ ಪಾನದಲ್ಲಿ ಬಿಚ್ಚಬಹುದು, ಆದರೆ ಕೊಳ್ಳೋರಿಲ್ಲ. ಅದಕ್ಕೇ ಕದಿಯೋರೂ ಇಲ್ಲ.

ಯಜಮಾನರ ನಂಬರ್ ಹುಡುಕಿ ಫೋನ್ ಮಾಡಿದೆ. ಸೈಟಿನಲ್ಲಿ ಮಿಕ್ಸರ್ ಸದ್ದು. ನಾನು ಏನು ಹೇಳಬೇಕು ಅಂತ ತಡಕಾಡುವಷ್ಟರಲ್ಲಿ ಅವರೇ ಕೇಳಿದರು, "ಸರ, ನಿಮ್ಮ ಗಾಲಿ ಸಿಕ್ಕುವೇನ್ರಿ?"

ಆ ಎರಡು ಸಾವಿರ ಇನ್ನೂ ಅಸೋಸಿಯೇಷನ್ ಲೆಕ್ಕದಲ್ಲೇ ಇದೆ. ನನ್ನ ಕೈಯಿಂದ ಕೊಟ್ಟುಬಿಡೋಣ ಅಂತಿದ್ದೆ, ಆದರೆ ಹಿಡಿದವರು ಎಲ್ಲರೂ ಸೇರಿ, ವಾಪಸ್ ಕೊಡಬೇಕಾದವರೂ ಎಲ್ಲರೂ ಸೇರಿಯೇ. ಮುಂದಿನ ಭಾನುವಾರದ ಮೀಟಿಂಗಿನಲ್ಲಿ ಮೊದಲನೇ ವಿಷಯ ಇನ್ನೆರಡು ಸಿಸಿಟಿವಿ ಕ್ಯಾಮೆರಾ. ಎರಡನೆಯದು, ಎಲ್ಲರೂ ಒಟ್ಟಿಗೆ ಲಾಕ್ ನಟ್ಟು ತಗೊಂಡರೆ ಎಷ್ಟು ಡಿಸ್ಕೌಂಟ್ ಸಿಗುತ್ತೆ ಅನ್ನೋದು. ಮೂರನೆಯದಾಗಿ ಇದನ್ನ ಸೇರಿಸಿ ಅಂತ ಬರೆದು ಕೊಟ್ಟಿದ್ದೇನೆ.